ಎಯು ಮೈಕ್ ಲಾಗ್, ಮೂರನೇ ವಾರ: ಗ್ರಹವನ್ನೇ ಒರೆಸಿಹಾಕಿದ ಫಿಲ್ಟರ್

ನಿನ್ನೆ ರಾತ್ರಿ ಕೊನೆಗೂ ಗ್ರಹ ಕಾಣಿಸಿತು. ಅದು ಮೊದಲಿಂದಲೂ ಡೇಟಾದಲ್ಲೇ ಇತ್ತು. ನಾನು ಎರಡು ವಾರದಿಂದ ಅದನ್ನೇ ಒರೆಸಿಹಾಕುತ್ತಿದ್ದೆ.

ಎಯು ಮೈಕ್ರೋಸ್ಕೋಪಿ ಸುಮಾರು 32 ಜ್ಯೋತಿರ್ವರ್ಷ ದೂರದ ಚಿಕ್ಕ ಕೆಂಪು ನಕ್ಷತ್ರ. ವಯಸ್ಸು 2 ಕೋಟಿ ವರ್ಷ ದಾಟಿದೆ ಅಷ್ಟೇ, ಇನ್ನೂ ಹಸುಗೂಸು. 4.86 ದಿನಕ್ಕೊಮ್ಮೆ ತಿರುಗುತ್ತದೆ. ಮೈತುಂಬ ಕಪ್ಪು ಕಲೆಗಳು. ಕಲೆ ಜಾಸ್ತಿ ಇರೋ ಕಡೆ ನಮ್ಮತ್ತ ತಿರುಗಿದಾಗ ಬೆಳಕು ತಗ್ಗುತ್ತದೆ, ಆಮೇಲೆ ಏರುತ್ತದೆ. ಗ್ರಹ ನಕ್ಷತ್ರದ ಮುಂದೆ ಹಾದಾಗಲೂ ಬೆಳಕು ತುಸು ತಗ್ಗುತ್ತದೆ, ಅದೇ ಗುಳಿ. ಈ ಅಲೆಯ ಮೇಲೆ ಹುಡುಕಬೇಕಾದ 'ಬಿ' ಗ್ರಹದ ಗುಳಿ ಶೇ. 0.26ರಷ್ಟು ಆಳ, ಅಷ್ಟೇ.

ಡೇಟಾ ಟೆಸ್ ಬಾಹ್ಯಾಕಾಶ ದೂರದರ್ಶಕದ್ದು, 2018ರ ಸೆಕ್ಟರ್ 1 (ಅದು ನೋಡಿದ ಆಕಾಶದ ಮೊದಲ ತುಂಡು). ಪೈಥಾನ್ ಭಾಷೆಯ ಲೈಟ್‌ಕರ್ವ್ ಎಂಬ ತಂತ್ರಾಂಶದಲ್ಲಿ ಫ್ಲಾಟನ್ ಓಡಿಸಿದೆ, ಅಲೆಯನ್ನು ಸಪಾಟು ಮಾಡುವ ಫಿಲ್ಟರ್ ಅದು. ಅಲೆ ಹೋಯಿತು, ಗುಳಿಯೂ ಹೋಯಿತು.

ಯಾಕೆ ಅಂತ ಹೊಳೆದಿದ್ದು ಕಾಗದದ ಮೇಲೆ ಲೆಕ್ಕ ಹಾಕಿದಾಗ. ಸುಮ್ನೆ ಬಿಟ್ಟರೆ ಆ ಫಿಲ್ಟರ್ ಒಂದು ಸಲಕ್ಕೆ 101 ಬಿಂದು, ಅಂದರೆ ಬೆಳಕಿನ 101 ಅಳತೆ ನೋಡುತ್ತದೆ. ಎರಡು ನಿಮಿಷಕ್ಕೊಂದು ಬಿಂದು, ಅಂದರೆ 202 ನಿಮಿಷ. ಗ್ರಹ ನಕ್ಷತ್ರದ ಮುಂದೆ ಹಾದುಹೋಗಲು ಬೇಕಾದದ್ದು ಮೂರೂವರೆ ಗಂಟೆ, 210 ನಿಮಿಷ. ಎರಡೂ ಹೆಚ್ಚುಕಮ್ಮಿ ಒಂದೇ! ಫಿಲ್ಟರ್ ಗುಳಿಯನ್ನೂ ನಕ್ಷತ್ರದ ಏರಿಳಿತ ಅಂದುಕೊಂಡು ಸಪಾಟು ಮಾಡಿಬಿಡುತ್ತಿತ್ತು.

701 ಬಿಂದುಗಳಿಗೆ ಏರಿಸಿದೆ, ಹತ್ತಿರಹತ್ತಿರ ಒಂದು ದಿನ. ಗುಳಿ ಬಂತು. ಜೊತೆಗೆ ಇಲ್ಲದ ಗುಳಿಗಳೂ ಬಂದವು. ಅದು ಫ್ಲೇರ್‌ಗಳ ಕೆಲಸ. ನಕ್ಷತ್ರ ಒಮ್ಮೆಲೇ ಭುಗಿಲೆದ್ದಾಗ ಫಿಲ್ಟರಿನ ಗೆರೆಯೂ ಅದರ ಜೊತೆ ಮೇಲಕ್ಕೆ ಜಗ್ಗುತ್ತದೆ, ಅಕ್ಕಪಕ್ಕ ಸುಳ್ಳು ತಗ್ಗು ಬೀಳುತ್ತದೆ. ಹಾಗಾಗಿ ಎರಡು ಸಲ ಮಾಡಿದೆ. ಮೊದಲು ಸಪಾಟು ಮಾಡಿ ಮೇಲೆ ಚಿಮ್ಮಿದ ಬಿಂದುಗಳನ್ನು ಮಾತ್ರ ಗುರುತು ಹಾಕಿಕೊಂಡೆ. ಅವನ್ನು ಮೂಲ ಡೇಟಾದಿಂದ ತೆಗೆದು ಮತ್ತೆ ಓಡಿಸಿದೆ. ಎರಡು ಗುಳಿ ಗಟ್ಟಿಯಾಗಿ ನಿಂತವು, ನಡುವೆ 16.9 ದಿನ.

ಗ್ರಹದ ವರ್ಷ ಮಾತ್ರ ಅದರರ್ಧ, 8.46 ದಿನ. ನಡುವಿನ ಗುಳಿ ಡೇಟಾ ಇಲ್ಲದ ಹೊತ್ತಲ್ಲಿ ಬಿದ್ದಿದೆ. ಸ್ಪಿಟ್ಜರ್ ದೂರದರ್ಶಕವೂ ನೋಡಿದ ಮೇಲೆ ಇದು ಖಚಿತವಾಯಿತು.

ಗ್ಲೀಸ್ 581 ಎಂಬ ಇನ್ನೊಂದು ನಕ್ಷತ್ರ ನೆನಪಾಗುತ್ತಿದೆ. ಅಲ್ಲಿನ 'ಡಿ' ಗ್ರಹದ ಬಗ್ಗೆ ಓದಿಯೇ ನನಗೆ ಈ ಹುಚ್ಚು ಹತ್ತಿದ್ದು. ಜೀವಕ್ಕೆ ಅನುಕೂಲ ಇರಬಹುದು ಅಂತ ಎಷ್ಟು ಮಾತಾಡಿದ್ದರು. ಅದರ ವರ್ಷ 66 ದಿನ ಅಂದಿದ್ದರು. ನಕ್ಷತ್ರ ತಿರುಗೋದು ಸುಮಾರು 130 ದಿನಕ್ಕೆ, 66 ಹೆಚ್ಚುಕಮ್ಮಿ ಅದರ ಅರ್ಧ ಅಲ್ವಾ? 2014ರಲ್ಲಿ ನಕ್ಷತ್ರದ ಚಟುವಟಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಗ್ರಹದ ಗುರುತೇ ಉಳಿಯಲಿಲ್ಲ. ಆ ಸುದ್ದಿ ಓದಿ ನಿಜಕ್ಕೂ ಬೇಜಾರಾಗಿತ್ತು. ಈಗ ಯಾವ ಡೇಟಾ ತೆರೆದರೂ ಮೊದಲು ನಕ್ಷತ್ರ ತಿರುಗುವ ಅವಧಿ, ಅದರ ಅರ್ಧ, ಮೂರನೇ ಒಂದು ಭಾಗ ಬರೆದಿಟ್ಟುಕೊಳ್ಳುತ್ತೇನೆ.

ನನ್ನ ಗ್ರಾಫಿನಲ್ಲಿ ಇನ್ನೊಂದು ಸಣ್ಣ ತಗ್ಗಿದೆ. ಎಯು ಮೈಕ್‌ನ ಇನ್ನೊಂದು ಗ್ರಹ 'ಸಿ'ಯೋ, ಫ್ಲೇರ್ ಬಿಟ್ಟುಹೋದ ಗುರುತೋ? 2020ರ ಸೆಕ್ಟರ್ 27 ಡೇಟಾ ಇಳಿಸಿಕೊಳ್ಳುತ್ತಿದ್ದೇನೆ.