128 ಬಿಟ್ ಸಾಲಲಿಲ್ಲ: 2^67 − 1 ಒಡೆದ ವರದಿ

ಕೊನೆಗೂ ಒಡೆಯಿತು!

147573952589676412927 = 193707721 × 761838257287

ಉತ್ತರವೇನೂ ಹೊಸದಲ್ಲ. 1644ರಲ್ಲಿ ಗಣಿತಜ್ಞ ಮರ್ಸೆನ್ ಇದನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದರು. 1876ರಲ್ಲಿ ಗಣಿತಜ್ಞ ಲ್ಯೂಕಾ ಇದು ಅವಿಭಾಜ್ಯವಲ್ಲ ಎಂದು ತೋರಿಸಿದರು, ಆದರೆ ಅಪವರ್ತನ ಸಿಗಲಿಲ್ಲ. 1903ರಲ್ಲಿ ಗಣಿತಜ್ಞ ಕೋಲ್ ಬೋರ್ಡಿನ ಮೇಲೆ ಮಾತೇ ಆಡದೆ ಗುಣಿಸಿ ತೋರಿಸಿದರು. ನನಗೆ ಬೇಕಾಗಿದ್ದು ನನ್ನ ಕೋಡೇ ಇದನ್ನು ಒಡೆಯಬೇಕು, ಅಷ್ಟೇ.

ಮೊದಲು ಹಿಡಿದದ್ದು ಪೊಲಾರ್ಡ್ ರೋ (ಶೇಷಗಳ ಸರಣಿ ಓಡಿಸಿ, ಅವುಗಳ ವ್ಯತ್ಯಾಸಕ್ಕೂ ಒಡೆಯಬೇಕಾದ ಸಂಖ್ಯೆಗೂ ಇರುವ ಮ.ಸಾ.ಅ. ತೆಗೆದು ಅಪವರ್ತನ ಹುಡುಕುವ ವಿಧಾನ). ಅದು 4294967297ನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಒಡೆದು 641 ಕೊಟ್ಟಿತ್ತು. ಇಲ್ಲಿ ಚಿಕ್ಕ ಅಪವರ್ತನಕ್ಕೆ ಸುಮಾರು 14,000 ಹೆಜ್ಜೆ ಸಾಕು. ಆದರೆ ಲಕ್ಷಗಟ್ಟಲೆ ಹೆಜ್ಜೆ ಓಡಿದರೂ ಮ.ಸಾ.ಅ. 1, 1, 1. ಕಾರಣ ಸರಳ: 67 ಬಿಟ್ ಸಂಖ್ಯೆಯ ವರ್ಗ 134 ಬಿಟ್‌ವರೆಗೆ ಹೋಗುತ್ತದೆ. ಕೋಡಿನಲ್ಲಿ ಸಂಖ್ಯೆ ಇಡುವ 128 ಬಿಟ್‌ನ ಡಬ್ಬಿಗೆ ಆರು ಬಿಟ್ ಜಾಸ್ತಿ. ಅವು ಉದುರಿದರೆ ಕಂಪೈಲರ್ ಒಂದು ಮಾತೂ ಹೇಳಲ್ಲ. ರೋ ನಡೆಯುವುದು, ಅಪವರ್ತನ p ಯಿಂದ ಭಾಗಿಸಿದ ಶೇಷಗಳು ಒಮ್ಮೆ ಕೂಡಿದರೆ ಮುಂದೆಯೂ ಕೂಡಿಯೇ ಇರುತ್ತವೆ ಎನ್ನುವುದರ ಮೇಲೆ. ಮೇಲಿನ ಬಿಟ್ ಬಿದ್ದರೆ ಆ ನಂಟೇ ಹರಿದುಹೋಗುತ್ತದೆ.

ರೆಡಿಮೇಡ್ ದೊಡ್ಡಸಂಖ್ಯೆ ಲೈಬ್ರರಿ ಹಾಕೋಣ ಅಂದರೆ, ಅದಕ್ಕೆ ಇನ್ನೊಂದು ಲೈಬ್ರರಿ ಬೇಕು, ಅದೂ ಹಳೇ ಆವೃತ್ತಿಯೇ ಆಗಬೇಕು. ಕೊಡುವವರಿಗೆ ಪುಣ್ಯ ಬರಲಿ, ನನಗೆ ಬೇಡ.

ಆಮೇಲೆ ಲೆಕ್ಕವನ್ನೇ ತಿರುಗಿಸಿದೆ. ಇಡೀ ಸಂಖ್ಯೆ N ನಿಂದ ಭಾಗಿಸಿ ಶೇಷ ತೆಗೆಯುವುದೇಕೆ? ಅಪವರ್ತನ ಆಗಬಹುದಾದ q ಯಿಂದ ಭಾಗಿಸಿ ತೆಗೆದರಾಯಿತು. N ನ ಯಾವ ಅವಿಭಾಜ್ಯ ಅಪವರ್ತನವಾದರೂ 134k + 1 ರೂಪದಲ್ಲೇ ಇರಬೇಕು. 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಬರಬೇಕು, ಅಂದರೆ k ಯನ್ನು 4ರಿಂದ ಭಾಗಿಸಿದಾಗ ಶೇಷ 0 ಅಥವಾ 1. ಉಳಿದ ಅರ್ಧವನ್ನು ಮುಟ್ಟುವುದೇ ಬೇಡ. ಪ್ರತಿ q ಗೂ 2^67ರ ಶೇಷ 1 ಬರುತ್ತದಾ ಅಂತ ನೋಡಿದರೆ ಮುಗಿಯಿತು. ಘಾತ ಹೀಗೆ ಏರುತ್ತದೆ: 1, 2, 4, 8, 16, 33, 67. ಆರು ಸಲ ವರ್ಗ, ಎರಡು ಸಲ ದುಪ್ಪಟ್ಟು. q ಬರೀ 28 ಬಿಟ್, ವರ್ಗ 56 ದಾಟಲ್ಲ. 128ರ ಮಾತಿರಲಿ, 64ರಲ್ಲೇ ಜಾಗ ಉಳಿಯಿತು!

k = 1445580ಕ್ಕೆ ಬಂದಾಗ ಪರದೆ ಮೇಲೆ 193707721. ಪರೀಕ್ಷಿಸಿದ್ದು ಸುಮಾರು 7 ಲಕ್ಷ 23 ಸಾವಿರ q. ಟೀ ಕಪ್ ಎತ್ತುವಷ್ಟು ಹೊತ್ತೂ ಹಿಡಿಯಲಿಲ್ಲ, ಸ್ವಲ್ಪ ಬೇಜಾರೇ ಆಯಿತು.

ಹಾಗಾಗಿ ಮುಂದಿನದು 2^101 − 1. ಇದರ ಚಿಕ್ಕ ಅಪವರ್ತನವೇ 13 ಅಂಕಿ, ಈ ಜಾಣತನ ಅಲ್ಲಿ ನಡೆಯಲ್ಲ. ಸಾವಿರಾರು ಕೋಟಿ k ನೋಡಬೇಕು. ರೋಗೆ ವಾಪಸ್ ಹೋಗಲೇಬೇಕು. ಆದರೆ ಅಲ್ಲಿ 2^101 − 1ರಿಂದ ಭಾಗಿಸಿದರೆ 2^101ರ ಶೇಷ 1 ಅಲ್ವಾ? ದುಪ್ಪಟ್ಟು ಮಾಡುವುದು ಅಂದರೆ ಮೇಲಿನ ಬಿಟ್ ತೆಗೆದು ಕೆಳಗೆ ಹಾಕುವುದು, ಅಷ್ಟೇ. ಗುಣಿಸುವುದೂ ಹಾಗೇ: ತಿರುಗಿಸಿ, ಕೂಡಿಸಿ, ಮತ್ತೆ ತಿರುಗಿಸಿ. ಎಲ್ಲೂ 102 ಬಿಟ್ ದಾಟಲ್ಲ. ಮ.ಸಾ.ಅ.ವನ್ನು ಪ್ರತಿ ಹೆಜ್ಜೆಗೂ ತೆಗೆಯದೆ ನೂರಕ್ಕೊಂದು ಸಲ ತೆಗೆದರೆ ಸಾಕು. ಆ ಭಾಗ ಮೊದಲು ಬರೆಯಬೇಕು.