ಹಿತ್ತಲ ಮರದಲ್ಲಿ ಹೆಜ್ಜಾರ್ಲೆ: ಕೊಕ್ಕರೆ ಬೆಳ್ಳೂರಿನಲ್ಲಿ ಒಂದು ಭಾನುವಾರ

ಮಂಡ್ಯದವರಿಗೆ ಭಾನುವಾರ ಹೋಗಿಬರಲು ಜಾಗಗಳಿಗೇನೂ ಬರವಿಲ್ಲ. ಕನ್ನಂಬಾಡಿ, ಮೇಲುಕೋಟೆ, ಮುತ್ತತ್ತಿ, ಶ್ರೀರಂಗಪಟ್ಟಣದ ಸಂಗಮ, ನಿಮಿಷಾಂಬ ಹೀಗೆ ಎಲ್ಲಿಗೇ ಹೋಗಲಿ, ಬೆಳಿಗ್ಗೆ ಚಿತ್ರಾನ್ನ ಕಟ್ಟಿಕೊಂಡು ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು. ಹಕ್ಕಿ ನೋಡಬೇಕು ಅಂದಕೂಡಲೇ ಎಲ್ಲರ ಬಾಯಿಗೂ ಬರುವುದು ರಂಗನತಿಟ್ಟು. ಕೊಕ್ಕರೆ ಬೆಳ್ಳೂರನ್ನು ಮಾತ್ರ ಹೆಸರು ಕೇಳಿ ಬಲ್ಲವರೇ ಹೆಚ್ಚು, ಹೋಗಿ ನೋಡಿದವರು ಕಡಿಮೆ. ಹೋದವರೂ ಅರ್ಧ ಗಂಟೆ ತಲೆಯೆತ್ತಿ ನೋಡಿ, ನಾಲ್ಕು ಫೋಟೊ ತೆಗೆದು ವಾಪಸಾಗುತ್ತಾರೆ. ಆ ಊರಿಗೆ ಒಂದು ಇಡೀ ದಿನ ಕೊಡಬೇಕು ಎಂಬುದು ನನ್ನ ಬಹುದಿನದ ಆಸೆ. ಫೆಬ್ರವರಿ ಕೊನೆಯ ಭಾನುವಾರ ಅಮ್ಮ, ಹೆಂಡತಿ, ತಂಗಿಯ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಇನ್ನೂ ಕತ್ತಲಿರುವಾಗಲೇ ಕಾರು ತೆಗೆದೆ.

ಮದ್ದೂರು ದಾಟಿ ಬೆಂಗಳೂರಿನ ಕಡೆಗೆ ಹೋಗುತ್ತಾ ರುದ್ರಾಕ್ಷಿಪುರದಲ್ಲಿ ಬಲಕ್ಕೆ ತಿರುಗಬೇಕು. ಬೆಂಗಳೂರಿನಿಂದ ಬರುವವರಿಗೆ ಅದು ಎಡಕ್ಕೆ. ಅಲ್ಲಿಂದ ಹನ್ನೆರಡು ಕಿಲೋಮೀಟರಿನಷ್ಟು ಸಣ್ಣ ರಸ್ತೆ. ಹೆದ್ದಾರಿಯ ಸದ್ದು ಎರಡೇ ನಿಮಿಷದಲ್ಲಿ ಹಿಂದಾಯಿತು. ಒಂದು ಕಡೆ ಕಬ್ಬು, ಒಂದು ಕಡೆ ಹಿಪ್ಪುನೇರಳೆ, ನಡುನಡುವೆ ತೆಂಗಿನ ತೋಟ. ಮನೆಗಳ ಮುಂದೆ ಗೋಡೆಗೊರಗಿಸಿದ ಚಂದ್ರಂಕಿಗಳು, ಅಂದರೆ ರೇಷ್ಮೆ ಹುಳ ಗೂಡು ಕಟ್ಟುವ ಬಿದಿರ ತಟ್ಟಿಗಳು. ಹುಳ ಸಾಕಿ ಬೆಳೆದ ಅಮ್ಮನಿಗೆ ಅವನ್ನು ಕಂಡದ್ದೇ ತಡ, ಗೂಡಿನ ರೇಟಿನಿಂದ ಹಿಡಿದು ಜ್ವರದ ಹುಳದವರೆಗೆ ಮಕ್ಕಳಿಗೆ ಪಾಠ ಶುರುವಾಯಿತು. ಊರು ಹತ್ತಿರವಾಗುತ್ತಿದ್ದಂತೆ ಕಾರಿನ ಮುಂಗಾಜಿನ ಮೇಲೆ ದೊಡ್ಡ ನೆರಳೊಂದು ಹಾದುಹೋಯಿತು. ಬಗ್ಗಿ ನೋಡಿದರೆ ಹೆಜ್ಜಾರ್ಲೆ, ಅಂದರೆ ಪೆಲಿಕನ್. ಬಿಚ್ಚಿದ ರೆಕ್ಕೆಯ ಈ ತುದಿಯಿಂದ ಆ ತುದಿಗೆ ಎಂಟು ಅಡಿಯವರೆಗೆ ಬೆಳೆಯುವ, ನಾಲ್ಕೈದು ಕೆಜಿ ತೂಗುವ ಹಕ್ಕಿ ಅದು. ಅಷ್ಟು ಭಾರದ ಮೈ ಹೊತ್ತು, ತೆಂಗಿನ ಗರಿಗೆ ತಾಗಿತೇನೋ ಎನ್ನುವಷ್ಟು ಕೆಳಗೆ, ರೆಕ್ಕೆ ಬಡಿಯದೆ ತೇಲಿಕೊಂಡು ಹೋಯಿತು.

ಇಲ್ಲಿ ಗೇಟಿಲ್ಲ, ಬೇಲಿಯಿಲ್ಲ, ದೋಣಿಯಿಲ್ಲ. ರಂಗನತಿಟ್ಟಿನಲ್ಲಿ ಹಕ್ಕಿಗೂ ನಮಗೂ ನಡುವೆ ಕಾವೇರಿ ಇದ್ದಾಳೆ, ನಡುಗಡ್ಡೆಗಳಿವೆ, ಮೊಸಳೆಗಳಿವೆ. ಬೆಳ್ಳೂರಿನಲ್ಲಿ ಹಕ್ಕಿಗೂ ಮನುಷ್ಯನಿಗೂ ನಡುವೆ ಏನೂ ಇಲ್ಲ. ಹುಣಸೆ ಮರದ ಮೇಲೆ ಹೆಜ್ಜಾರ್ಲೆಯ ಗೂಡು, ಅದರ ಬುಡದಲ್ಲಿ ಹಸು ಕಟ್ಟುವ ಗೂಟ, ಪಕ್ಕದಲ್ಲಿ ಮನೆಯ ಬಾಗಿಲು. ನಾವು ಹೋದ ಹೊತ್ತಿಗೆ ಹೆಂಗಸರು ಡೈರಿಗೆ ಹಾಲು ಹಾಕಿ ಕ್ಯಾನು ಹಿಡಿದು ಬರುತ್ತಿದ್ದರು. ಟೀ ಅಂಗಡಿಯ ಮುಂದೆ ಗಂಡಸರು ಪೇಪರ್ ಹರಡಿ ಕೂತಿದ್ದರು. ತಲೆಯ ಮೇಲೆ ಗೂಡಿಗೊಂದೊಂದು ಸಂಸಾರ ಮೀನಿಗಾಗಿ ಬಾಯಿ ಮಾಡುತ್ತಿತ್ತು, ಕೆಳಗೆ ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಮೇಲಿನವರೂ ಕೆಳಗಿನವರೂ ಒಂದೇ ಕೇರಿಯವರು.

ಮೊದಲು ಮೂಗಿಗೆ ಬಡಿಯುವುದು ವಾಸನೆ. ಹಸಿ ಮೀನು, ಹಿಕ್ಕೆ ಎರಡೂ ಬೆರೆತ ಘಾಟು. ಮಕ್ಕಳು ಮೂಗು ಮುಚ್ಚಿಕೊಂಡರು, ಹತ್ತು ನಿಮಿಷದಲ್ಲಿ ಮರೆತರು. ಮರೆಯುವಂತೆ ಮಾಡಿದ್ದು ಒಂದು ಹೆಜ್ಜಾರ್ಲೆ ಮರಿ. ತಾಯಿ ಬಂದು ಗೂಡಿನ ಅಂಚಿಗೆ ಕಾಲೂರುವುದಕ್ಕೂ ಪುರಸೊತ್ತು ಕೊಡದೆ, ಮರಿ ತನ್ನ ತಲೆ, ಕತ್ತು ಎಲ್ಲವನ್ನೂ ತಾಯಿಯ ಕೊಕ್ಕಿನ ಚೀಲದೊಳಗೆ ತೂರಿಸಿತು. ಹೊರಗೆ ಕಾಣುತ್ತಿದ್ದದ್ದು ಅದರ ಬೆನ್ನು ಮತ್ತು ಬಡಿಯುತ್ತಿದ್ದ ಮೋಟು ರೆಕ್ಕೆ. ಒಳಗೆ ಅದು ಎಳೆದಾಡಿದಂತೆಲ್ಲ ತಾಯಿಯ ಗಂಟಲ ಚೀಲ ಆ ಕಡೆ ಈ ಕಡೆ ಉಬ್ಬುತ್ತಿತ್ತು. ತಾಯಿಯ ಮೈಯೇ ಅಲ್ಲಾಡಿಹೋಗುತ್ತಿದ್ದರೂ ಅದು ಅಲುಗದೆ ನಿಂತಿತ್ತು. ಕೊನೆಗೆ ಮರಿ ತಲೆ ಹೊರಗೆ ತೆಗೆದಾಗ ಕೊಕ್ಕಿನ ತುದಿಯಲ್ಲಿ ಮೀನಿನ ಬಾಲ ಇನ್ನೂ ನೇತಾಡುತ್ತಿತ್ತು. ತಂಗಿಯ ಮಗಳು, ‘ಮಾಮ, ಅದಕ್ಕೆ ನೋವಾಗಲ್ವಾ?’ ಅಂದಳು. ನಾನು ಏನು ಹೇಳಲಿ ಎಂದು ನೋಡುವಷ್ಟರಲ್ಲಿ ಅಮ್ಮನೇ, ‘ಆಗ್ದೇ ಇರುತ್ತಾ ಮಗಾ’ ಅಂದರು.

ಪಕ್ಕದ ಅರಳಿ ಮರ ಬಣ್ಣದ ಕೊಕ್ಕರೆಗಳದ್ದು. ಹಳದಿ ಕೊಕ್ಕು, ಕಿತ್ತಳೆ ಮುಖ, ಬಾಲದ ಹತ್ತಿರ ಓಕುಳಿ ಚೆಲ್ಲಿದ ಹಾಗೆ ಗುಲಾಬಿ ಗರಿ. ದೊಡ್ಡವು ಕೂಗುವುದಿಲ್ಲ, ಕೊಕ್ಕುಗಳನ್ನು ಪಟಪಟ ಬಡಿಯುತ್ತವೆ, ಅಷ್ಟೆ. ಗಲಾಟೆಯೆಲ್ಲ ಮರಿಗಳದ್ದು. ಬಿಸಿಲೇರುತ್ತಿದ್ದಂತೆ ದೊಡ್ಡವು ಗೂಡಿನ ಮೇಲೆ ರೆಕ್ಕೆಯನ್ನು ಅರ್ಧ ಬಿಚ್ಚಿ, ಸೂರ್ಯನಿಗೆ ಬೆನ್ನು ಕೊಟ್ಟು, ಮರಿಗಳಿಗೆ ನೆರಳು ಮಾಡಿ ನಿಂತವು. ಒಂದು ಹಕ್ಕಿ ಹಾಗೆ ನಿಂತದ್ದು ನಾವು ಊರೊಳಗೆ ಸುತ್ತು ಹಾಕಿ ಬಂದರೂ ಹಾಗೆಯೇ ನಿಂತಿತ್ತು.

ಸುತ್ತು ಹಾಕುವಾಗಲೇ ಒಂದು ಜಗಲಿಯ ಮೇಲಿಂದ ವಯಸ್ಸಾದ ಹೆಂಗಸೊಬ್ಬರು ಅಮ್ಮನನ್ನು ಕರೆದರು. ‘ಯಾವೂರವ್ವ? ಬಿಸ್ಲಲ್ಲಿ ಯಾಕ್ ನಿಂತ್ರಿ, ಬನ್ನಿ ಕುಂತ್ಕಳಿ.’ ನೀರು ಬಂತು, ಬೆಲ್ಲ ಬಂತು, ಮಾತು ಬಂತು. ಅವರ ಹಿತ್ತಲಲ್ಲೂ ಒಂದು ಹುಣಸೆ ಮರ, ಅದರ ತುಂಬ ಗೂಡು.

‘ಅಲ್ಲಕ್ಕ, ಈ ಮರದ ಹಣ್ಣು ಬಡಿಯಕ್ಕೆ ಆಗುತ್ತಾ?’ ಅಂತ ಅಮ್ಮ ಕೇಳಿದರು.

‘ಎಲ್ಬಂತವ್ವ. ಕೋಲ್ ಹಾಕುದ್ರೆ ಮರಿ ಬಿದ್ದೋಯ್ತವೆ. ಹಕ್ಕಿ ಕುಂತಿರೋ ಕೊಂಬೆ ತಂಟೆಗೋಗಕಿಲ್ಲ, ಬುಟ್ಬುಡ್ತೀವಿ. ನಮ್ಮತ್ತೆನೂ ಅಂಗೇ ಮಾಡ್ತಿದ್ರು. ಹೆರಿಗೆಗೆ ಅಂತ ಹೆಣ್ಮಕ್ಳು ತವರಿಗೆ ಬರಕಿಲ್ವಾ? ಇವೂ ಅಂಗೇ ಕಣವ್ವ. ಬಂದವ್ರನ್ನ ಓಡ್ಸಕಾಯ್ತದಾ?’

ಈ ಊರನ್ನು ಹಕ್ಕಿಗಳ ಊರಾಗಿ ಉಳಿಸಿರುವುದು ಕೋಲೆತ್ತದ ಆ ಕೈ ಎಂದೇ ನನಗನ್ನಿಸಿತು. ಹುಣಸೆ ಹಣ್ಣು ನಮ್ಮ ಕಡೆ ಬರೀ ಸಾರಿಗೆ ಹಾಕುವ ಪದಾರ್ಥವಲ್ಲ. ಮನೆಯ ಹೆಂಗಸರು ಚಚ್ಚಿ, ಬೀಜ ಬಿಡಿಸಿ, ಮಾರಿ ನಾಲ್ಕು ಕಾಸು ನೋಡುವ ಫಸಲು. ಅದನ್ನು ವರ್ಷವರ್ಷವೂ ಹಕ್ಕಿಗೆ ಬಿಟ್ಟುಕೊಡುವುದು ಸಣ್ಣ ಮಾತಲ್ಲ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರು ಇಲ್ಲಿನ ಹೆಜ್ಜಾರ್ಲೆಗಳ ವಿಷಯವನ್ನು ಹೊರಜಗತ್ತಿಗೆ ತಿಳಿಸಿದ ಮೇಲೆ, ಗೂಡಿರುವ ಮರಗಳ ಮಾಲೀಕರಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಕೊಡುವ ಕ್ರಮ ಬಂತು. ಹಕ್ಕಿಗಳು ಊರಿಗೆ ಕೊಡುವುದೂ ಇದೆ. ಮರದ ಬುಡಕ್ಕೆ ಕೆರೆಯ ಗೋಡುಮಣ್ಣು ಹರಡಿ, ಮೇಲಿಂದ ಬಿದ್ದ ಹಿಕ್ಕೆ ಅದರೊಂದಿಗೆ ಬೆರೆತ ಮೇಲೆ ಗೊಬ್ಬರವಾಗಿ ಹೊಲಕ್ಕೆ ಹೊಡೆಯುವುದು ಇಲ್ಲಿನ ಹಳೆಯ ರೂಢಿ. ಮೀನು ತಿಂದ ಹಕ್ಕಿಯ ಹಿಕ್ಕೆ ಬೆಳೆಗೆ ಎಷ್ಟು ಬಲ ಕೊಡುತ್ತದೆಂದು ಯಾವ ರೈತನಿಗೂ ಹೇಳಬೇಕಾಗಿಲ್ಲ.

ಗಾಳಿಗೆ ಮರಿಗಳು ಗೂಡಿನಿಂದ ಬೀಳುವುದುಂಟು. ಬಿದ್ದ ಮರಿಯನ್ನು ದೊಡ್ಡ ಹಕ್ಕಿ ಮತ್ತೆ ಎತ್ತಿಕೊಳ್ಳುವುದಿಲ್ಲ, ನಾಯಿಯ ಪಾಲಾಗುತ್ತದೆ. 1990ರ ದಶಕದಲ್ಲಿ ಮೈಸೂರಿನ ಪಕ್ಷಿಪ್ರಿಯರೂ ಊರಿನ ಯುವಕರೂ ಸೇರಿ ಕಟ್ಟಿದ ‘ಹೆಜ್ಜಾರ್ಲೆ ಬಳಗ’ ಅಂಥ ಮರಿಗಳನ್ನು ತಂದು, ಬೇಲಿಯೊಳಗೆ ಬಿಟ್ಟು, ಮೀನು ಹಾಕಿ, ರೆಕ್ಕೆ ಬಲಿತ ಮೇಲೆ ಹಾರಬಿಡುವ ಕೆಲಸ ಮಾಡಿಕೊಂಡು ಬಂದಿದೆ. ಒಂದು ಮರಿಗೆ ದಿನಕ್ಕೆ ಎಷ್ಟು ಮೀನು ಬೇಕು, ಆ ಮೀನನ್ನು ತರುವವರು ಯಾರು ಎಂದು ಯೋಚಿಸಿದರೆ ಈ ಕೆಲಸದ ಭಾರ ಗೊತ್ತಾಗುತ್ತದೆ. 2007ರಲ್ಲಿ ಸರ್ಕಾರ ಕೊಕ್ಕರೆ ಬೆಳ್ಳೂರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಜನರನ್ನು ಎಬ್ಬಿಸದೆ, ಜನರ ಜೊತೆಯಲ್ಲೇ ಕಾಡುಜೀವಿಗಳನ್ನು ಕಾಯುವ ಏರ್ಪಾಡು ಇದು. ಕಾನೂನಿನ ಹೆಸರು ಆಮೇಲೆ ಬಂತು, ಕೆಲಸ ಮೊದಲೇ ನಡೆದಿತ್ತು.

ಹನ್ನೊಂದು ಗಂಟೆಯ ಹೊತ್ತಿಗೆ ಬೇರೆ ಬೇರೆ ಊರಿನ ಕಾರುಗಳು ಸೇರಿದವು. ಒಂದು ಗುಂಪಿನವರು ಹಕ್ಕಿ ಎದ್ದು ಹಾರುವ ಫೋಟೊಕ್ಕಾಗಿ ಮರದಡಿ ಕಾರು ನಿಲ್ಲಿಸಿ ಹಾರ್ನ್ ಒತ್ತಿಹಿಡಿದರು. ನನಗೆ ರಕ್ತ ಕುದಿಯಿತು. ದೊಡ್ಡ ಹಕ್ಕಿ ಗಾಬರಿಯಿಂದ ಎದ್ದರೆ ಮೊಟ್ಟೆ ಉರುಳುತ್ತದೆ, ಎಳೆಯ ಮರಿ ಬಿಸಿಲಿಗೆ ಬೀಳುತ್ತದೆ. ಟೀ ಅಂಗಡಿಯಿಂದ ಇಬ್ಬರು ಹುಡುಗರು ಎದ್ದುಬಂದು, ಜಗಳವಾಡದೆ, ‘ಅಣ್ಣ, ಮೇಲ್ಗಡೆ ಮರಿ ಅವೆ, ಹಾರ್ನ್ ಮಾಡ್ಬೇಡಿ’ ಎಂದರು. ಅಷ್ಟಕ್ಕೇ ಅವರು ಸುಮ್ಮನಾದರು. ನಾವು ನೋಡಲು ಹೋಗುವುದು ಬೇರೆಯವರ ಮನೆಯ ಹಿತ್ತಲಿಗೆ. ಅದು ನೆನಪಿದ್ದರೆ ಸಾಕು, ಬೇರೆ ನಿಯಮ ಬೇಕಿಲ್ಲ.

ಊರಿನವರ ಮಾತಿನಲ್ಲಿ ಆತಂಕವೂ ಇತ್ತು. ಮರಗಳಿಗೆ ವಯಸ್ಸಾಗಿದೆ. ಹಳೆಯ ಹುಣಸೆ, ಅರಳಿ ಬಿದ್ದರೆ ಆ ಜಾಗದಲ್ಲಿ ಆರ್‌ಸಿಸಿ ಮನೆ ಏಳುತ್ತದೆ, ಮರ ಏಳುವುದಿಲ್ಲ. ಶಿಂಷಾ ಹೊಳೆಯಲ್ಲಿ ಮರಳು ತೆಗೆದು ಗುಂಡಿ ಬಿದ್ದಿವೆ, ಮೀನಿಗಾಗಿ ಹಕ್ಕಿಗಳು ಸುತ್ತಲಿನ ಕೆರೆಗಳಿಗೆ ಹೋಗಬೇಕು, ಕೆರೆ ಬತ್ತಿದ ವರ್ಷ ಇನ್ನೂ ದೂರ. 2017ರ ಕೊನೆಯಿಂದ ಕೆಲವು ತಿಂಗಳು ಹೆಜ್ಜಾರ್ಲೆಗಳು ಒಂದಾದಮೇಲೊಂದು ಸತ್ತು ಬಿದ್ದಾಗ ಪರೀಕ್ಷೆ ಮಾಡಿದವರು ಹೊಟ್ಟೆಯಲ್ಲಿ ಜಂತುಹುಳುಗಳನ್ನು ಕಂಡರು. ತಿನ್ನುವ ಮೀನಿನಿಂದ ಬರುವ ರೋಗ ಅದು. ಊರಿನ ಮರ ಕಾದರಷ್ಟೇ ಸಾಲದು, ಸುತ್ತಲಿನ ನೀರನ್ನೂ ಕಾಯಬೇಕು. ಪರಿಹಾರದ ಹಣ ಇವತ್ತಿನ ಹುಣಸೆ ಹಣ್ಣಿನ ಬೆಲೆಗೆ ಸರಿಯಾಗಿರಬೇಕು, ಹೊಸ ಸಸಿ ನೆಟ್ಟು ಬೆಳೆಸಿದ ಮನೆಗೂ ಏನಾದರೂ ಸಿಗಬೇಕು. ಹುಣಸೆ ಗೂಡು ಹೊರುವಷ್ಟು ದೊಡ್ಡದಾಗಲು ಹಲವು ವರ್ಷ ಹಿಡಿಯುತ್ತದೆ, ನೆಡಬೇಕಾದ್ದು ಈಗಲೇ.

ಮಧ್ಯಾಹ್ನ ಶಿಂಷಾ ದಂಡೆಯ ವೈದ್ಯನಾಥಪುರಕ್ಕೆ ಬಂದು ವೈದ್ಯನಾಥೇಶ್ವರನಿಗೆ ಕೈಮುಗಿದು, ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಮದ್ದೂರಿಗೆ ಬಂದ ಮೇಲೆ ವಡೆ ತಿನ್ನದೆ ಮುಂದೆ ಹೋಗುವುದು ಹೇಗೆ? ಅಕ್ಕಿಹಿಟ್ಟು, ಚಿರೋಟಿ ರವೆಗೆ ಈರುಳ್ಳಿ ಹಾಕಿ ತಟ್ಟಿದ ಅಗಲ ವಡೆ, ಅಂಚಿನಲ್ಲಿ ಗರಿಗರಿ, ನಡುವೆ ಈರುಳ್ಳಿಯ ಸಿಹಿ. ಮೇಲೊಂದೊಂದು ಎಳನೀರು. ಲಾರಿಗಟ್ಟಲೆ ಎಳನೀರು ಉತ್ತರ ಭಾರತದವರೆಗೆ ಹೋಗುವ ಊರಿದು.

ಹೋಗುವವರಿಗೆ ಎರಡು ಮಾತು. ಹೆಜ್ಜಾರ್ಲೆಗಳು ಚಳಿಗಾಲದಲ್ಲಿ ಬಂದು ಗೂಡು ಕಟ್ಟುತ್ತವೆ, ಮುಂಗಾರು ಹಿಡಿಯುವ ಹೊತ್ತಿಗೆ ಹೊರಡುತ್ತವೆ. ಮರಿಗಳನ್ನು ನೋಡಲು ಫೆಬ್ರವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಬೆಳಿಗ್ಗೆ ಬೇಗ ಅಥವಾ ಸಂಜೆ ನಾಲ್ಕರ ಮೇಲೆ ಹೋಗಿ. ಕಾರನ್ನು ಊರಾಚೆ ನಿಲ್ಲಿಸಿ ನಡೆಯಿರಿ, ತಲೆಗೆ ಟೋಪಿಯೋ ಟವೆಲ್ಲೋ ಇರಲಿ. ಊಟ, ನೀರು ಜೊತೆಗಿರಲಿ, ತಿಂದ ಕವರು ವಾಪಸ್ ತನ್ನಿ. ಬೈನಾಕ್ಯುಲರ್ ಇಲ್ಲದಿದ್ದರೂ ಚಿಂತೆಯಿಲ್ಲ, ಗೂಡುಗಳು ಬರಿಗಣ್ಣಿಗೆ ಚೆನ್ನಾಗಿ ಕಾಣುತ್ತವೆ. ಮನೆಯಲ್ಲಿ ಹಿರಿಯರಿದ್ದರೆ ಕರೆದುಕೊಂಡು ಹೋಗಿ. ನಮಗೆ ಜಗಲಿಯ ಮೇಲೆ ಜಾಗ ಸಿಕ್ಕಿದ್ದು ಅಮ್ಮ ಜೊತೆಗಿದ್ದದ್ದರಿಂದಲೇ.