ನನ್ನ ತಂಗಿಯ ಪರವಾಗಿ ನಾನು ಕೊಟ್ಟ ಉತ್ತರಗಳು

ಆರು ವರ್ಷಗಳ ಹಿಂದೆ, ನನ್ನ ತಂಗಿಗೆ ಎರಡನೆಯ ಹೆರಿಗೆಯಾದ ಮಾರನೆಯ ದಿನ, ಆಸ್ಪತ್ರೆಯ ಸಿಬ್ಬಂದಿಯೊಬ್ಬರು ಒಂದು ಒಪ್ಪಿಗೆ ಪತ್ರವನ್ನು ತಂದು ನನ್ನ ಕೈಗೆ ಕೊಟ್ಟರು. ಅದು ಮಕ್ಕಳಾಗದಂತೆ ಮಾಡುವ ಆಪರೇಷನ್ನಿನ ಪತ್ರ. ಪಕ್ಕದಲ್ಲಿದ್ದ ಅವಳ ಅತ್ತೆ, "ಎರಡ್ ಆದ್ವಲ್ಲ, ಸಾಕವ್ವ. ಆಕಿಗೇನ್ ತಿಳೀತೈತಿ, ನೀನಾ ಹೇಳಿಬಿಡು" ಎಂದರು. ಕೂಸನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದ್ದ ತಂಗಿ ನಮ್ಮ ಮೂವರ ಮುಖಗಳನ್ನೂ ಒಂದೊಂದಾಗಿ ನೋಡುತ್ತಿದ್ದಳು. ನಾನು ಪೆನ್ನಿನ ಮುಚ್ಚಳ ತೆಗೆದೆ. ಅವಳು ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದು ಅಂಗೈಯನ್ನು ಮೇಲ್ಮುಖವಾಗಿ ಅಲುಗಾಡಿಸಿ, ಹುಬ್ಬು ಗಂಟಿಕ್ಕಿದಳು. "ಏನದು?" ಎಂದು ಕೇಳುತ್ತಿದ್ದಳು.

ನನ್ನ ತಂಗಿ ಹುಟ್ಟು ಕಿವುಡಿ. ಅಂದು ಅವಳಿಗೆ ಇಪ್ಪತ್ತಾರು ವರ್ಷ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದಲ್ಲಿ ದುಡಿದು ತನ್ನ ಮದುವೆಯ ಖರ್ಚಿನ ಅರ್ಧವನ್ನು ತಾನೇ ಹೊತ್ತಿದ್ದವಳು. ಆಕೆಯ ದೇಹದ ಬಗ್ಗೆ ತೀರ್ಮಾನ ತೆಗೆದುಕೊಳ್ಳಲು ನಾವು ಮೂವರು ಮಾತು ಬರುವವರು ಅವಳ ತಲೆಯ ಮೇಲೆಯೇ ಮಾತನಾಡಿ ಮುಗಿಸಿದ್ದೆವು. ನಾನು ಪೆನ್ನು ಕೆಳಗಿಟ್ಟು, ಗೊತ್ತಿದ್ದಷ್ಟು ಸನ್ನೆಗಳಿಂದಲೂ, ಸನ್ನೆ ಸಾಲದ ಕಡೆ ಆ ಪತ್ರದ ಹಿಂಬದಿಯಲ್ಲಿ ಚಿತ್ರ ಬರೆದೂ ಅರ್ಧ ಗಂಟೆ ವಿವರಿಸಿದೆ. ಎಲ್ಲವನ್ನೂ ತಿಳಿದುಕೊಂಡ ಮೇಲೆ ಅವಳು "ಈಗ ಬೇಡ" ಎಂದಳು. ಮುಂದೆ ಕಾಪರ್-ಟಿ ಹಾಕಿಸಿಕೊಂಡಿದ್ದು ಅವಳದೇ ತೀರ್ಮಾನ.

ವಿಕಲಚೇತನರ ಹಕ್ಕುಗಳ ಅಧಿನಿಯಮ, 2016 ಜಾರಿಗೆ ಬಂದು ಆ ಹೊತ್ತಿಗೆ ಎರಡು ವರ್ಷವಾಗಿತ್ತು. ವಿಕಲಚೇತನ ವ್ಯಕ್ತಿಯ ಮುಕ್ತ ಹಾಗೂ ತಿಳಿವಳಿಕೆಯುಳ್ಳ ಒಪ್ಪಿಗೆಯಿಲ್ಲದೆ ಸಂತಾನಶಕ್ತಿಯನ್ನು ಕಳೆಯುವ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲವೆಂದು ಅದರ 10ನೆಯ ಪ್ರಕರಣ ಸ್ಪಷ್ಟವಾಗಿ ಹೇಳುತ್ತದೆ. ಆ ಸಿಬ್ಬಂದಿಗೆ ಅದು ತಿಳಿದಿರಲಿಲ್ಲ. ಹೈಸ್ಕೂಲಿನಲ್ಲಿ ಪಾಠ ಹೇಳುವ ನನಗೂ ತಿಳಿದಿರಲಿಲ್ಲ. ಯಾರಲ್ಲಿಯೂ ಕೆಟ್ಟ ಉದ್ದೇಶವಿರಲಿಲ್ಲ ಎಂಬುದೇ ನನ್ನನ್ನು ಇಂದಿಗೂ ಕಾಡುತ್ತದೆ. ಕಿವುಡ ಹೆಣ್ಣುಮಕ್ಕಳ ಹಕ್ಕುಗಳು ಬಹುಪಾಲು ಕೈತಪ್ಪುವುದು ಹೀಗೆಯೇ, ಅವರನ್ನು ಪ್ರೀತಿಸುವವರೇ ಅವರ ಪರವಾಗಿ ಉತ್ತರ ಕೊಟ್ಟುಬಿಡುವುದರಿಂದ.

ನಮ್ಮದು ಗಂಗಾವತಿ ಸಮೀಪದ ಹಳ್ಳಿ. ತಂಗಿಗೆ ನಾಲ್ಕು ತುಂಬುವವರೆಗೂ "ಮಾತು ತಡ ಆಗ್ತೈತಿ, ಅವರ ಮಾವನಿಗೂ ಹಂಗ ಆಗಿತ್ತು" ಎಂದುಕೊಂಡೇ ದಿನ ಕಳೆದೆವು. ಕಿವಿ ಕೇಳುವುದಿಲ್ಲವೆಂದು ವೈದ್ಯರು ಹೇಳಿದ ಮೇಲೆ ಇಡೀ ದೋಷ ಅವ್ವನ ಮೇಲೆ ಬಂತು: ಗ್ರಹಣದ ದಿನ ಹೊರಗೆ ಬಂದಿದ್ದಳಂತೆ, ಹರಕೆ ಮರೆತಿದ್ದಳಂತೆ. ಅವ್ವ ಮದುವೆಯಾಗಿದ್ದು ತನ್ನ ಸೋದರಮಾವನನ್ನು. ನಮ್ಮ ಭಾಗದಲ್ಲಿ ಇಂದಿಗೂ ನಡೆಯುವ ಇಂತಹ ರಕ್ತಸಂಬಂಧದ ಮದುವೆಗಳಲ್ಲಿ ಅನುವಂಶೀಯ ಕಿವುಡುತನದ ಸಂಭವ ಹೆಚ್ಚು. ಗರ್ಭಿಣಿಗೆ ತಗಲುವ ರುಬೆಲ್ಲಾ, ಹಸುಗೂಸಿಗೆ ಬರುವ ತೀವ್ರ ಕಾಮಾಲೆ, ಮಿದುಳು ಪೊರೆಯ ಉರಿಯೂತ ಇವೂ ಕಾರಣವಾಗಬಹುದು. ಇದನ್ನು ಅವ್ವನಿಗೆ ಯಾರೂ ಹೇಳಲಿಲ್ಲ. ಆಕೆ ವರ್ಷಗಟ್ಟಲೆ ಮಂಗಳವಾರದ ಉಪವಾಸ ಮಾಡಿದಳು. ಈಗ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟು ಕಿವುಡುತನದ ತಪಾಸಣೆಯೂ ಸೇರಿದೆ. ಬಾಗಿಲು ಬಡಿದರೆ, ಪಾತ್ರೆ ಬಿದ್ದರೆ ಬೆಚ್ಚದ ಕೂಸನ್ನು "ಶಾಂತ ಸ್ವಭಾವದ್ದು" ಎಂದು ಹೊಗಳದೆ ಆ ಕಾರ್ಯಕ್ರಮದ ತಂಡಕ್ಕೆ ತೋರಿಸಬೇಕೆಂದು ನನ್ನ ಶಾಲೆಯ ತಾಯಂದಿರಿಗೆ ನಾನು ಪ್ರತಿ ವರ್ಷ ಹೇಳುತ್ತೇನೆ.

ಓಣಿಯಲ್ಲಿ ಅವಳನ್ನು ಹೆಸರಿನಿಂದ ಕರೆದವರು ಕಡಿಮೆ. "ಮೂಗಿ" ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಮನೆಯೊಳಗೆ ನಾವು ಕೆಲವು ಸನ್ನೆಗಳನ್ನು ಕಟ್ಟಿಕೊಂಡಿದ್ದೆವು. ಮೂಗುತಿಯ ಜಾಗ ಮುಟ್ಟಿದರೆ ಅವ್ವ, ಮೀಸೆ ತಿರುವಿದರೆ ಅಪ್ಪ, ಹುಬ್ಬಿನ ಗಾಯದ ಗುರುತು ತೋರಿಸಿದರೆ ನಾನು. ಅನ್ನ, ನೀರು, ಬಾ, ಹೋಗು, ಬೇಡ ಎಂಬಷ್ಟಕ್ಕೆ ಅದು ಸಾಲುತ್ತಿತ್ತು. "ಯಾಕೆ", "ನಾಳೆ", "ಹಾಗಾದರೆ" ಎಂಬುವಕ್ಕೆ ನಮ್ಮಲ್ಲಿ ಸನ್ನೆಯೇ ಇರಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ಮೊದಲ ಸಲ ಮುಟ್ಟಾದಾಗ ತಾನು ಸಾಯುತ್ತಿದ್ದೇನೆಂದು ಭಾವಿಸಿ ಅವಳು ಇಡೀ ಮಧ್ಯಾಹ್ನ ದನದ ಕೊಟ್ಟಿಗೆಯಲ್ಲಿ ಅವಿತು ಕುಳಿತಿದ್ದಳು. ಅದಕ್ಕೆ ಮೊದಲೇ ತಿಳಿಸಿ ಹೇಳುವಷ್ಟು ಭಾಷೆ ನಮ್ಮ ಮನೆಯಲ್ಲಿರಲಿಲ್ಲ.

ಕಿವುಡ ಮಕ್ಕಳ ಶಾಲೆಗೆ ಅವಳು ಹೋಗಿದ್ದಳು. ಅವಳ ಹಳೆಯ ನೋಟ್‌ಬುಕ್‌ಗಳು ನನ್ನಲ್ಲಿ ಇನ್ನೂ ಇವೆ. ಅಂತಹ ಮುದ್ದಾದ ಅಕ್ಷರಗಳನ್ನು ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರೂ ಬರೆಯುವುದಿಲ್ಲ. ಬೋರ್ಡಿನ ಮೇಲಿದ್ದುದನ್ನು ಒಂದು ಒತ್ತಕ್ಷರವೂ ತಪ್ಪದಂತೆ ಇಳಿಸಿಕೊಂಡಿದ್ದಾಳೆ, ಆದರೆ ಒಂದು ವಾಕ್ಯದ ಅರ್ಥವೂ ಅವಳಿಗೆ ತಿಳಿದಿರಲಿಲ್ಲ. ತರಗತಿಯಲ್ಲಿ ತುಟಿಯ ಚಲನೆ ನೋಡಿ ಮಾತು ಕಲಿಯಬೇಕಿತ್ತು; ಕೈಯಾಡಿಸಿದರೆ ಗದರಿಕೆ. ಮಕ್ಕಳು ಕೈಯಲ್ಲಿ ಮಾತನಾಡುತ್ತಿದ್ದುದು ರಾತ್ರಿ ಹಾಸ್ಟೆಲಿನಲ್ಲಿ, ಅದೂ ದೀಪ ಆರಿಸುವವರೆಗೆ ಮಾತ್ರ. ಕಿವುಡ ಮಕ್ಕಳಿಗೆ ಬಾಯಿಮಾತಿನಲ್ಲೇ ಕಲಿಸಬೇಕೆಂದು 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಶಿಕ್ಷಕರು ಮಾಡಿದ ನಿರ್ಣಯದ ನೆರಳು ನೂರು ವರ್ಷಗಳ ಮೇಲೂ ಜಗತ್ತಿನ ಅನೇಕ ಶಾಲೆಗಳ ಮೇಲೆ ಬಿದ್ದಿತ್ತು. ಆ ನೆರಳಿನಲ್ಲಿ ಬೆಳೆದ ಮಕ್ಕಳಲ್ಲಿ ನನ್ನ ತಂಗಿಯೂ ಒಬ್ಬಳೆಂದು ನಾನು ತಿಳಿದಿದ್ದೇನೆ.

ಅವಳಿಗೆ ಭಾಷೆ ಸಿಕ್ಕಿದ್ದು ಹತ್ತೊಂಬತ್ತರಲ್ಲಿ, ಬಳ್ಳಾರಿಯಲ್ಲಿ. ಹೊಲಿಗೆ ಘಟಕದಲ್ಲಿ ಅವಳ ಸಾಲಿನಲ್ಲೇ ಇನ್ನೂ ಮೂವರು ಕಿವುಡ ಹೆಣ್ಣುಮಕ್ಕಳಿದ್ದರು. ಮಷೀನಿನ ಸದ್ದಿನಲ್ಲಿ ಉಳಿದವರು ಕೂಗಿ ಮಾತನಾಡಬೇಕಾದರೆ, ಇವರು ನಾಲ್ವರು ಪ್ಯಾಂಟಿನ ಕಾಲು ಹೊಲಿಯುತ್ತಲೇ, ದಾರ ಕತ್ತರಿಸುವ ನಡುವಿನ ಕ್ಷಣದಲ್ಲಿ, ಕೈಯಲ್ಲಿ ಇಡೀ ಕಥೆ ಹೇಳಿ ಮುಗಿಸುತ್ತಿದ್ದರು. ಅಲ್ಲಿ ಕಲಿತದ್ದು ಭಾರತೀಯ ಸನ್ನೆ ಭಾಷೆ. ಅದರಲ್ಲಿಯೂ ಮೂಗುತಿಯ ಜಾಗ ಮುಟ್ಟಿದರೆ ಹೆಣ್ಣು, ಮೀಸೆ ತೋರಿಸಿದರೆ ಗಂಡು ಎಂದು ತಿಳಿದ ದಿನ ಅವಳು ರಜೆಗೆ ಬಂದು ಅವ್ವನಿಗೆ ಅದನ್ನು ಹತ್ತು ಸಲ ಮಾಡಿ ತೋರಿಸಿದಳು: ನಮ್ಮ ಅಡುಗೆಮನೆಯ ಸನ್ನೆ ದೇಶದ ಭಾಷೆಯೊಳಗೆ ಇತ್ತು! ಗೆಳತಿಯರು ಅವಳಿಗೊಂದು ಸನ್ನೆಯ ಹೆಸರನ್ನೂ ಇಟ್ಟರು, ಕೆನ್ನೆಯ ಗುಳಿಯ ಮೇಲೆ ಕಿರುಬೆರಳು ತಿರುಗಿಸುವುದು. "ಮೂಗಿ" ಎಂಬುದನ್ನು ಬಿಟ್ಟರೆ ಹೊರಗಿನವರು ಅವಳಿಗೆ ಕೊಟ್ಟ ಮೊದಲ ಹೆಸರು ಅದು.

ಅವಳಿಂದ ನಾನು ಕಲಿಯತೊಡಗಿದಾಗ ನನಗೆ ಅಚ್ಚರಿಯಾದದ್ದು ಅದರ ವ್ಯಾಕರಣ. ಸನ್ನೆ ಭಾಷೆಯೆಂದರೆ ಮಾತಿನ ಮುರುಕು ಅನುಕರಣೆಯೆಂದು ನಂಬಿದ್ದ ನನಗೆ, ಕ್ರಿಯಾಪದ ಕೊನೆಗೆ ಬರುವುದೂ, "ನಿನ್ನ ಹೆಸರು ಏನು" ಎನ್ನುವಾಗ "ಏನು" ಎಂಬುದು ಕಡೆಗೇ ಬೀಳುವುದೂ ಕನ್ನಡದ ನಡೆಗೆ ಹತ್ತಿರವೆನಿಸಿತು. ಆದರೆ ನಾವು "ಅವ್ವ ತಂಗಿಗೆ ಕೊಟ್ಟಳು" ಎಂದು ವಿಭಕ್ತಿ ಹಚ್ಚಿ ಹೇಳುವುದನ್ನು ಅವರು "ಕೊಡು" ಎಂಬ ಸನ್ನೆಯನ್ನೇ ಅವ್ವನಿರುವ ಕಡೆಯಿಂದ ತಂಗಿಯಿರುವ ಕಡೆಗೆ ಒಯ್ದು ಹೇಳುತ್ತಾರೆ. ಕಿವುಡ ಮಕ್ಕಳು ಕನ್ನಡ ಬರೆಯುವಾಗ "ಗೆ", "ಇಂದ", "ಅನ್ನು" ತಪ್ಪಿದರೆ ದಡ್ಡರೆಂದು ಕೆಂಪು ಗೆರೆ ಎಳೆಯುವ ಮೇಷ್ಟ್ರುಗಳು ಇದನ್ನು ತಿಳಿಯಬೇಕು. ಆ ಮಗುವಿಗೆ ಕನ್ನಡ ಎರಡನೆಯ ಭಾಷೆ. ಮೊದಲನೆಯದು ಗಟ್ಟಿಯಾದರೆ ಮಾತ್ರ ಎರಡನೆಯದು ನಿಲ್ಲುತ್ತದೆ.

ಈಗ ದಾರಿಗಳು ಮೊದಲಿಗಿಂತ ಹೆಚ್ಚಿವೆ. ದೆಹಲಿಯಲ್ಲಿ 2015ರಲ್ಲಿ ಆರಂಭವಾದ ಭಾರತೀಯ ಸನ್ನೆ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರವು 2018ರಲ್ಲಿ 3,000 ಪದಗಳ ನಿಘಂಟನ್ನು ಹೊರತಂದು, ಮುಂದೆ ಅದನ್ನು 10,000ಕ್ಕೂ ಮೇಲೆ ಬೆಳೆಸಿದೆ; ವಿಡಿಯೋಗಳೆಲ್ಲ ಉಚಿತ. ಮೊದಲು ಹೇಳಿದ 2016ರ ಕಾಯ್ದೆಯ ಪ್ರಕಾರ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ಉನ್ನತ ಶಿಕ್ಷಣದಲ್ಲಿ ವಿಕಲಚೇತನರಿಗೆ 5 ಶೇಕಡಾ ಸೀಟುಗಳು, ಸರ್ಕಾರಿ ನೌಕರಿಯ 4 ಶೇಕಡಾ ಮೀಸಲಿನಲ್ಲಿ 1 ಶೇಕಡಾ ಕಿವುಡರಿಗೆ ಮತ್ತು ಮಂದಶ್ರವಣದವರಿಗೆ ಇದೆ. ಈ ಸೌಲಭ್ಯಗಳಿಗೆ ಬೇಕಾದ ಯು.ಡಿ.ಐ.ಡಿ. ಕಾರ್ಡನ್ನು, ಅಂದರೆ ವಿಕಲಚೇತನರ ಗುರುತಿನ ಚೀಟಿಯನ್ನು, ತಂಗಿ ಬಹಳ ತಡವಾಗಿ ಮಾಡಿಸಿಕೊಂಡಳು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಪುನರ್ವಸತಿ ಕಾರ್ಯಕರ್ತರೊಬ್ಬರು ಇರುತ್ತಾರೆಂದೂ ಅರ್ಜಿ ತುಂಬಿಸಲು ಅವರನ್ನೇ ಕೇಳಬಹುದೆಂದೂ ನಮಗೆ ತಿಳಿಸಿದವಳು ಅವಳ ಜೀನ್ಸ್ ಘಟಕದ ಗೆಳತಿ. ಎಲ್ಲ ಮಾಹಿತಿಯೂ ನಮಗೆ ಬಂದದ್ದು ಹೀಗೆ, ಒಬ್ಬ ಕಿವುಡ ಹೆಣ್ಣುಮಗಳ ಕೈಯಿಂದ ಇನ್ನೊಬ್ಬಳ ಕೈಗೆ.

ದೌರ್ಜನ್ಯದ ವಿಷಯದಲ್ಲಿ ಮಾತ್ರ ಆ ದಾರಿಯನ್ನೇ ನಂಬಿ ಕೂರುವಂತಿಲ್ಲ. ಕೂಗಿಕೊಳ್ಳಲಾರಳು, ಹೇಳಿದರೂ ಠಾಣೆಯಲ್ಲಿ ಯಾರಿಗೂ ತಿಳಿಯದು ಎಂಬ ಧೈರ್ಯವೇ ಕೆಟ್ಟವರಿಗೆ ಬಲ. ಲೈಂಗಿಕ ದೌರ್ಜನ್ಯಕ್ಕೊಳಗಾದ ವಿಕಲಚೇತನ ಮಹಿಳೆಯ ದೂರನ್ನು ಪೊಲೀಸರು ಅವಳ ಮನೆಯಲ್ಲೋ ಅವಳಿಗೆ ಅನುಕೂಲವಾದ ಜಾಗದಲ್ಲೋ, ದುಭಾಷಿ ಅಥವಾ ವಿಶೇಷ ಶಿಕ್ಷಕರ ಸಮ್ಮುಖದಲ್ಲಿ, ವಿಡಿಯೋ ಚಿತ್ರೀಕರಣದೊಂದಿಗೆ ದಾಖಲಿಸಿಕೊಳ್ಳಬೇಕು. 2013ರ ತಿದ್ದುಪಡಿಯಲ್ಲಿ ಬಂದ ಈ ನಿಯಮ ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಪ್ರಕರಣದಲ್ಲಿಯೂ ಇದೆ. ಸನ್ನೆಯಲ್ಲಿ ಹೇಳಿದ ಸಾಕ್ಷ್ಯ ನ್ಯಾಯಾಲಯದಲ್ಲಿ ಬಾಯಿಮಾತಿನ ಸಾಕ್ಷ್ಯಕ್ಕೆ ಸಮ. ಇದನ್ನು ತಂಗಿಗೂ ಅವಳ ಗೆಳತಿಯರಿಗೂ ಹೇಳಿದ ಸಂಜೆ ಒಬ್ಬಾಕೆ ಮತ್ತೆ ಮತ್ತೆ ಅದೇ ಪ್ರಶ್ನೆ ಕೇಳಿದಳು: ದುಭಾಷಿಯಾಗಿ ತನ್ನ ಮನೆಯವರನ್ನೇ ಕೂರಿಸಿದರೆ ಏನು ಮಾಡುವುದು? ಆ ಪ್ರಶ್ನೆ ಯಾಕೆ ಬಂತೆಂದು ನಾನು ಕೇಳಲಿಲ್ಲ. ಮನೆಯವರಲ್ಲದ ದುಭಾಷಿಯೇ ಬೇಕೆಂದು ಕೇಳು ಎಂದು ಹೇಳಿ, ಹಾಗೆ ಕೇಳುವ ಸನ್ನೆಗಳನ್ನು ಅಂದೇ ಎಲ್ಲರೂ ಕೂಡಿ ಅಭ್ಯಾಸ ಮಾಡಿದೆವು. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕಿವುಡ ವಕೀಲೆ ಸಾರಾ ಸನ್ನಿ ಅವರು ಕರ್ನಾಟಕ ಹೈಕೋರ್ಟಿನಲ್ಲಿ ದುಭಾಷಿಯ ಮೂಲಕ ಸನ್ನೆ ಭಾಷೆಯಲ್ಲಿ ವಾದ ಮಂಡಿಸಿದ ಸುದ್ದಿಯನ್ನು ಮೊಬೈಲಿನಲ್ಲಿ ತೋರಿಸಿದಾಗ ಅವರು ಫೋಟೋವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು.

ತಂಗಿ ಈಗಿರುವುದು ಕಂಪ್ಲಿ ಕಡೆಯ ಗಂಡನ ಊರಿನಲ್ಲಿ. ಗಂಡನೂ ಕಿವುಡ, ಇಬ್ಬರೂ ಮನೆಯಲ್ಲೇ ಹೊಲಿಯುತ್ತಾರೆ. ಮಕ್ಕಳಿಬ್ಬರಿಗೂ ಕಿವಿ ಕೇಳುತ್ತದೆ. ದೊಡ್ಡ ಮಗಳಿಗೆ ಒಂಬತ್ತು ವರ್ಷ. ಬ್ಯಾಂಕಿಗೆ, ಆಸ್ಪತ್ರೆಗೆ ಅವಳನ್ನೇ ದುಭಾಷಿಯಾಗಿ ಕರೆದೊಯ್ಯುವುದು ಎಲ್ಲರಿಗೂ ಸುಲಭವಾಗಿತ್ತು, ಆದರೆ ತಾಯಿಯ ರೋಗದ ಸುದ್ದಿಯನ್ನು ಮಗುವಿನ ಕೈಯಿಂದ ಹೇಳಿಸುವುದು ಸರಿಯಲ್ಲವೆಂದು ನಾನು ಹಟ ಹಿಡಿದು ಅದನ್ನು ನಿಲ್ಲಿಸಿದ್ದೇನೆ. ವಿಡಿಯೋ ಕರೆಯಲ್ಲಿ ನಾನು ಸಿಗುತ್ತೇನೆ. ನಾನು ಸಿಗದಿದ್ದರೆ ಸ್ವಸಹಾಯ ಸಂಘದ ಕಾರ್ಯದರ್ಶಿ ಸಿಗುತ್ತಾರೆ. ಎರಡು ವರ್ಷ ಸಂಘದ ಸಭೆಯಲ್ಲಿ ಹೆಬ್ಬೆಟ್ಟಿನ ಹಾಗೆ ಸುಮ್ಮನೆ ಕುಳಿತು ಎದ್ದು ಬರುತ್ತಿದ್ದ ತಂಗಿಯಿಂದ ಆ ಹೆಂಗಸರು ಈಗ ನೂರರಷ್ಟು ಸನ್ನೆ ಕಲಿತಿದ್ದಾರೆ. ಸಾಲ, ಬಡ್ಡಿ, ಕಂತು ಎಂಬುವೇ ಮೊದಲು ಕಲಿತವು.

ಕಳೆದ ಗ್ರಾಮಸಭೆಗೆ ನಾನೂ ಹೋಗಿದ್ದೆ. ತಂಗಿ ಕೈಯೆತ್ತಿದಳು. ಅಧಿಕಾರಿಗಳು ನನ್ನ ಕಡೆ ತಿರುಗಿ, "ನಿಮ್ಮ ತಂಗಿಗೆ ಏನು ಬೇಕಂತೆ?" ಎಂದರು. ಅವರನ್ನೇ ನೋಡಿ ಕೇಳಿರಿ, ನಾನು ಬರೀ ದನಿ ಎಂದೆ. ಅವಳು ಹೇಳಿದ್ದನ್ನು ಅವಳ ಮಾತಾಗಿಯೇ ನುಡಿದೆ: "ನಮ್ಮ ಓಣಿಯ ಕಂಬಕ್ಕೆ ದೀಪ ಇಲ್ಲ. ನಿಮಗೆ ಕತ್ತಲಾದರೆ ದಾರಿ ಕಾಣುವುದಿಲ್ಲ, ಅಷ್ಟೇ. ನನಗೆ ಮಾತೇ ನಿಂತುಹೋಗುತ್ತದೆ. ರಾತ್ರಿ ಮಗುವಿಗೆ ಹುಷಾರಿಲ್ಲವೆಂದು ಪಕ್ಕದ ಮನೆಯ ಬಾಗಿಲಿಗೆ ಹೋದರೂ ನನ್ನ ಕೈ ಅವರಿಗೆ ಕಾಣುವುದಿಲ್ಲ." ಸಭೆಯಲ್ಲಿದ್ದ ಹೆಂಗಸರು ಅಧಿಕಾರಿಗಳ ಕಡೆ ನೋಡಿದರು. ಅವರು ಈ ಸಲ ತಂಗಿಯ ಮುಖ ನೋಡಿಯೇ, ಯಾವ ಕಂಬ ಎಂದು ಕೇಳಿದರು. ತಂಗಿ ಎದ್ದು ಮುಂದೆ ಹೋಗಿ, ಅವರ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು, ಓಣಿಯ ನಕ್ಷೆ ಬರೆದು ಕಂಬಗಳಿರುವಲ್ಲಿ ಮೂರು ಚುಕ್ಕೆ ಇಟ್ಟಳು. ಎರಡಕ್ಕೆ ದೀಪ ಹಾಕಿದ್ದಾರೆ. ಮೂರನೆಯದರ ಬಗ್ಗೆ ಕೇಳಲು ಅವಳು ಮುಂದಿನ ಸಭೆಗೆ ಸಂಘದ ಕಾರ್ಯದರ್ಶಿಯನ್ನು ಕರೆದುಕೊಂಡು ಹೋಗುತ್ತಾಳಂತೆ. ನಾನು ಬರಬೇಕಾಗಿಲ್ಲವೆಂದು ಮೊನ್ನೆ ವಿಡಿಯೋ ಕರೆಯಲ್ಲಿ ಹೇಳಿದಳು.